ಸಾಮಾನು ಕೊಠಡಿಯ ಬಾಗಿಲು: ಒಬ್ಬ ದೈಹಿಕ ಶಿಕ್ಷಕನ ಅನುಭವ

ಬಯಲುಸೀಮೆಯ ಒಂದು ಹೋಬಳಿ ಕೇಂದ್ರದ ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಹದಿನೇಳು ವರ್ಷಗಳಿಂದ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದೇನೆ. ಉಳಿದ ಮೇಷ್ಟ್ರುಗಳಿಗೂ ಮಕ್ಕಳಿಗೂ ನಡುವೆ ಮೇಜು, ಕಪ್ಪುಹಲಗೆ, ಪುಸ್ತಕಗಳಿರುತ್ತವೆ. ನನ್ನ ಕೆಲಸದಲ್ಲಿ ಅಂಥ ಅಡ್ಡಗೋಡೆ ಯಾವುದೂ ಇಲ್ಲ. ಬೆಳಗಿನ ಆರು ಗಂಟೆಗೆ ಮೈದಾನದಲ್ಲಿ, ಹೋಬಳಿಯಿಂದ ಜಿಲ್ಲಾ ಮಟ್ಟದವರೆಗಿನ ಪಂದ್ಯಗಳ ಪ್ರಯಾಣದಲ್ಲಿ, ಬೇರೆ ಊರಿನ ಛತ್ರದಲ್ಲಿ ರಾತ್ರಿ ತಂಗುವಾಗ, ಹೀಗೆ ಎಲ್ಲ ಕಡೆಯೂ ಮಕ್ಕಳ ಜೊತೆಗಿರುವ ಹಿರಿಯನೆಂದರೆ ಹೆಚ್ಚಾಗಿ ನಾನೊಬ್ಬನೇ. ಇದು ನಂಬಿಕೆಯ ಸ್ಥಾನ ಎಂಬುದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಆ ನಂಬಿಕೆಯನ್ನು ಯಾರಾದರೂ ದುರುಪಯೋಗಪಡಿಸಿಕೊಳ್ಳಲು ಇದಕ್ಕಿಂತ ಅನುಕೂಲವಾದ ಸ್ಥಾನ ಇನ್ನೊಂದಿಲ್ಲ ಎಂಬುದು ಹೊಳೆಯಲು ಮಾತ್ರ ಬಹಳ ಕಾಲ ಹಿಡಿಯಿತು.

ಅದು ಹೊಳೆದದ್ದು ಖೋಖೋ ಅಭ್ಯಾಸದ ಒಂದು ಸಂಜೆ. ಕಂಬ ಹಿಡಿದು ತಿರುಗುವ ರೀತಿಯನ್ನು ಎಂಟನೇ ತರಗತಿಯ ಹುಡುಗಿಯೊಬ್ಬಳಿಗೆ ಕಲಿಸುತ್ತಾ, ಎಂದಿನಂತೆ ಹಿಂದಿನಿಂದ ಬಂದು ಭುಜ ಹಿಡಿದು ತಿರುಗಿಸಿದೆ. ಆಕೆ ಕೊರಡಿನಂತೆ ಸೆಟೆದು ನಿಂತಳು. ನಾನು ಕೈ ತೆಗೆದ ಕೂಡಲೇ, ತಲೆ ತಗ್ಗಿಸಿ, ‘ತಪ್ಪಾಯ್ತು ಸಾರ್’ ಎಂದಳು. ಬೆಚ್ಚಿದವಳೂ ಅವಳೇ, ಕ್ಷಮೆ ಕೇಳಿದವಳೂ ಅವಳೇ. ನನ್ನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ ಎಂದು ರಾತ್ರಿಯೆಲ್ಲ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ನನ್ನ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ತಿಳಿಯುವ ದಾರಿ ಆ ಮಗುವಿಗೆ ಎಲ್ಲಿತ್ತು? ಒಳ್ಳೆಯ ಮೇಷ್ಟ್ರಿಗೇ ‘ಬೇಡ’ ಎನ್ನಲಾಗದಂತೆ ನಾವು ಬೆಳೆಸಿದ ಮಗು, ಕೆಟ್ಟವನೊಬ್ಬ ಎದುರಾದಾಗ ಯಾವ ಅಭ್ಯಾಸದ ಬಲದಿಂದ ‘ಬೇಡ’ ಎಂದೀತು?

ಲೈಂಗಿಕ ದೌರ್ಜನ್ಯ ತಡೆಯುವ ಮಾತು ಬಂದೊಡನೆ ಪಾಲಕರ ಸಭೆಯಲ್ಲಿ ಎಲ್ಲರೂ ಪಿ.ಟಿ. ಮೇಷ್ಟ್ರ ಕಡೆಗೆ ತಿರುಗಿ, ಹೆಣ್ಣುಮಕ್ಕಳಿಗೆ ಕರಾಟೆ ಕಲಿಸಿ ಎನ್ನುತ್ತಾರೆ. ನಾನು ಕಲಿಸಿದ್ದೇನೆ, ಈಗಲೂ ಕಲಿಸುತ್ತೇನೆ. ಅದರಿಂದ ಹುಡುಗಿಯರ ನಡಿಗೆ ಬದಲಾಗುತ್ತದೆ, ದನಿ ಏರುತ್ತದೆ; ಅದು ಸಣ್ಣ ಲಾಭವೇನಲ್ಲ. ಆದರೆ ಕತ್ತಲಲ್ಲಿ ಪೊದೆಯ ಹಿಂದಿನಿಂದ ಹಾರಿ ಬರುವ ಅಪರಿಚಿತನನ್ನು ಕಲ್ಪಿಸಿಕೊಂಡು ಕಲಿಸುವ ವಿದ್ಯೆ ಅದು. ನಮ್ಮ ದೇಶದ ಅಪರಾಧ ದಾಖಲೆಗಳು ವರ್ಷದಿಂದ ವರ್ಷಕ್ಕೆ ಹೇಳುತ್ತಿರುವುದು ಬೇರೆಯೇ ಕತೆ. ದಾಖಲಾದ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಕಡೆ ಆರೋಪಿ ಸಂತ್ರಸ್ತೆಗೆ ಪರಿಚಿತನೇ ಆಗಿರುತ್ತಾನೆ. ಮನೆಗೆ ಬಂದುಹೋಗುವ ಮಾವನ ಮುಖಕ್ಕೆ ಗುದ್ದುವ ಪಟ್ಟನ್ನು ಯಾವ ಕರಾಟೆ ಗುರುವೂ ಕಲಿಸಲಾರ. ಅದೂ ಅಲ್ಲದೆ, ತಡೆಯುವ ಹೊಣೆಯನ್ನು ಹದಿಮೂರು ವರ್ಷದ ಹುಡುಗಿಯ ಮುಷ್ಟಿಯಲ್ಲಿಟ್ಟು ಹಿರಿಯರು ಕೈತೊಳೆದುಕೊಳ್ಳುವುದು ನನಗೆ ನ್ಯಾಯವೆನಿಸಲಿಲ್ಲ.

ಹಾಗಾಗಿ ನನ್ನಿಂದಲೇ ಆರಂಭಿಸಿದೆ. ನಮ್ಮ ಆಟದ ಸಾಮಾನಿನ ಕೊಠಡಿಗೆ ಒಂದೇ ಬಾಗಿಲು, ಕಿಟಕಿ ಇಲ್ಲ, ಬೀಗದ ಕೈ ನನ್ನ ಜೇಬಿನಲ್ಲಿ. ಚೆಂಡು ತರಲು, ಬಲೆ ಎತ್ತಿಡಲು ದಿನಕ್ಕೆ ನಾಲ್ಕಾರು ಬಾರಿ ಯಾವುದಾದರೂ ಮಗು ನನ್ನ ಹಿಂದೆ ಆ ಕತ್ತಲೆ ಕೋಣೆಗೆ ಬರುತ್ತಿತ್ತು. ಬಾಗಿಲಿನ ಮೇಲ್ಭಾಗದ ಹಲಗೆ ಕೀಳಿಸಿ ಕಬ್ಬಿಣದ ಬಲೆ ಹಾಕಿಸಿದೆ; ಬಡಗಿಗೂ ಬಲೆಗೂ ಸೇರಿ 1,800 ರೂಪಾಯಿ ಕೈಯಿಂದ ಹೋಯಿತು. ನಾನು ಒಳಗಿದ್ದಾಗ ಮಕ್ಕಳು ಹೊಸ್ತಿಲ ಹೊರಗೆ, ಮಕ್ಕಳು ಒಳಗೆ ಹೋದರೆ ಇಬ್ಬಿಬ್ಬರಾಗಿ ಹೋಗಬೇಕು, ನಾನು ಹೊರಗೆ ಎಂದು ನಿಯಮ ಮಾಡಿದೆ. ಮುಟ್ಟಿ ತಿದ್ದುವ ಮೊದಲು, ‘ಭುಜ ಹಿಡಿದು ತೋರಿಸಲೇ, ಇಲ್ಲಾ ನಾನೇ ಮಾಡಿ ತೋರಿಸಲೇ?’ ಎಂದು ಕೇಳತೊಡಗಿದೆ. ಮೊದಲ ಒಂದು ತಿಂಗಳು ನನಗೇ ನಗು ಬರುತ್ತಿತ್ತು, ಮಕ್ಕಳಿಗಂತೂ ನಾಟಕದಂತೆ ಕಾಣುತ್ತಿತ್ತು. ಆದರೆ ನಾನು ಕಂಡುಕೊಂಡ ಒಂದು ವಿಚಿತ್ರವನ್ನು ಸಹೋದ್ಯೋಗಿಗಳಿಗೆ ಹೇಳಲೇಬೇಕು: ಹತ್ತರಲ್ಲಿ ಎಂಟು ಪಟ್ಟುಗಳನ್ನು ಕಲಿಸಲು ಮುಟ್ಟುವ ಅಗತ್ಯವೇ ಇರಲಿಲ್ಲ. ಕಬಡ್ಡಿಯ ಪಾದ ಹಿಡಿತ, ಸರಪಳಿ ಹಿಡಿತಗಳನ್ನು ಹತ್ತನೇ ತರಗತಿಯ ಹುಡುಗಿಯರು ಕಿರಿಯರಿಗೆ ನನಗಿಂತ ಚೆನ್ನಾಗಿ ಕಲಿಸಿದರು.

ಸ್ನಾಯು ಹಿಡಿದುಕೊಂಡರೆ ಉಜ್ಜುವ ಕೆಲಸವನ್ನೂ ಬಿಟ್ಟೆ. ಅದನ್ನು ಮೈದಾನದ ನಡುವೆಯೇ, ಎಲ್ಲರ ಎದುರು, ಹುಡುಗಿಗೆ ಹುಡುಗಿ, ಹುಡುಗನಿಗೆ ಹುಡುಗ ಮಾಡಬೇಕು. ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ವೈದ್ಯ ಲ್ಯಾರಿ ನಾಸರ್ ಚಿಕಿತ್ಸೆಯ ಹೆಸರಿನಲ್ಲಿಯೇ ವರ್ಷಗಟ್ಟಲೆ ಹುಡುಗಿಯರನ್ನು ಹಿಂಸಿಸಿದ್ದ. 2018ರಲ್ಲಿ ನ್ಯಾಯಾಲಯದಲ್ಲಿ 150ಕ್ಕೂ ಹೆಚ್ಚು ಮಂದಿ ಅವನ ವಿರುದ್ಧ ಮಾತಾಡಿದ್ದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಮೈದಾನದ ಎಣ್ಣೆ ಬಾಟಲಿ.

ಸಹೋದ್ಯೋಗಿಗಳು ಮುನಿಸಿಕೊಂಡರು. ನಮ್ಮ ವಲಯದ ಶಿಕ್ಷಕರ ಸಭೆಯಲ್ಲಿ ಈ ನಿಯಮಗಳನ್ನು ಎಲ್ಲ ಶಾಲೆಗಳಲ್ಲೂ ಪಾಲಿಸೋಣ ಎಂದಾಗ, ನನಗಿಂತ ಹಿರಿಯರೊಬ್ಬರು ಎದ್ದುನಿಂತು, ‘ಹಾಗಾದರೆ ನಮ್ಮ ಮೇಲೆಲ್ಲ ಅನುಮಾನವೋ?’ ಎಂದು ಕೇಳಿದರು. ಅವರು ಸಜ್ಜನರು, ಅವರ ನೋವು ನಿಜವಾದದ್ದು. ಆದರೆ ಈ ನಿಯಮ ಬೇಕಾಗಿರುವುದು ಸಜ್ಜನರು ಪಾಲಿಸಲೆಂದೇ. ಎಲ್ಲ ಮೇಷ್ಟ್ರುಗಳೂ ಬಾಗಿಲು ಮುಚ್ಚಿಕೊಂಡೇ ಮಕ್ಕಳ ಜೊತೆ ಕೂರುವ ಶಾಲೆಯಲ್ಲಿ, ಕೆಟ್ಟ ಉದ್ದೇಶದಿಂದ ಬಾಗಿಲು ಮುಚ್ಚಿದವನು ಯಾರ ಕಣ್ಣಿಗೂ ಬೀಳುವುದಿಲ್ಲ. ಎಲ್ಲರ ಬಾಗಿಲೂ ತೆರೆದೇ ಇರುವ ಕಡೆ ಮುಚ್ಚಿದ ಒಂದು ಬಾಗಿಲು ಏಳನೇ ತರಗತಿಯ ಮಗುವಿಗೂ ಕಾಣುತ್ತದೆ. ಆ ಹಿರಿಯರು ಒಪ್ಪಿದರೆಂದು ಹೇಳಲಾರೆ. ಆದರೆ ಮುಂದಿನ ವರ್ಷ ಅವರ ಶಾಲೆಯ ಹುಡುಗಿಯರ ತಂಡದೊಡನೆ ಶಿಕ್ಷಕಿಯೊಬ್ಬರು ಬಂದಿದ್ದರು.

ಪ್ರಯಾಣದ ವಿಷಯದಲ್ಲಿ ನಾನು ಎಡವಿದೆ, ಅದನ್ನೂ ಹೇಳಬೇಕು. ಮಹಿಳಾ ಶಿಕ್ಷಕಿ ಜೊತೆಗೆ ಬಾರದಿದ್ದರೆ ರಾತ್ರಿ ತಂಗುವ ಪಂದ್ಯಕ್ಕೆ ಹುಡುಗಿಯರ ತಂಡವಿಲ್ಲ ಎಂದು ಪಟ್ಟು ಹಿಡಿದೆ. ಆ ವರ್ಷ ಯಾರಿಗೂ ಬರಲಾಗಲಿಲ್ಲ. ತಾಲ್ಲೂಕು ಮಟ್ಟದಲ್ಲಿ ಗೆದ್ದಿದ್ದ ತಂಡ ಜಿಲ್ಲಾ ಪಂದ್ಯಕ್ಕೆ ಹೋಗದೆ ಊರಲ್ಲೇ ಉಳಿಯಿತು. ಹುಡುಗರ ತಂಡ ಮಾತ್ರ ಹೋಗಿ ಬಂತು. ನಾಯಕಿ ನನ್ನ ಎದುರು ನಿಂತು, ‘ಯಾರೋ ಕೆಟ್ಟವರು ಇರಬಹುದು ಅಂತ ನಮ್ಮನ್ನ ಮನೇಲಿ ಕೂರಿಸಿದ್ರಾ ಸಾರ್?’ ಎಂದಳು. ಅವಳ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಹೆಣ್ಣುಮಕ್ಕಳ ದಾರಿಯನ್ನು ಮುಚ್ಚಿ ಅದನ್ನು ರಕ್ಷಣೆ ಎಂದು ಕರೆಯುವ ಊರಿನ ಹಳೆಯ ಚಾಳಿಯನ್ನೇ ನಾನು ಹೊಸ ನಿಯಮದ ಹೆಸರಿನಲ್ಲಿ ಮಾಡಿದ್ದೆ. ಮರುವರ್ಷ ಜೂನ್‌ನಲ್ಲಿಯೇ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಮಹಿಳಾ ಸದಸ್ಯರನ್ನೂ ಕೆಲವು ತಾಯಂದಿರನ್ನೂ ಕೂರಿಸಿಕೊಂಡು ಸರದಿಯ ಪಟ್ಟಿ ಮಾಡಿದೆವು. ಜೊತೆಗೆ ಹೋಗುವವರ ಕೂಲಿ ತಪ್ಪುವುದರಿಂದ ದಾನಿಗಳಿಂದ ಸ್ವಲ್ಪ ಹಣವನ್ನೂ ಕೂಡಿಸಿದೆವು. ಆಮೇಲೆ ಯಾವ ತಂಡವೂ ಆ ಕಾರಣಕ್ಕೆ ಉಳಿದಿಲ್ಲ.

ಹುಡುಗರ ಜೊತೆಗಿನ ಕೆಲಸ ಇದಕ್ಕಿಂತ ಕಷ್ಟದ್ದು, ಏಕೆಂದರೆ ಅದರಲ್ಲಿ ಮೊದಲು ತಿದ್ದಬೇಕಾದದ್ದು ನನ್ನ ನಾಲಿಗೆ. ಸೋತ ತಂಡಕ್ಕೆ, ‘ಬಳೆ ತೊಟ್ಕೊಂಡು ಮನೇಲಿ ಕೂತ್ಕೊಳ್ರೋ’ ಎಂದು ಬೈಯುವುದು ನನ್ನ ಗುರುಗಳಿಂದ ನನಗೆ ಬಂದ ಬಳುವಳಿ. ಹೆಣ್ಣಾಗಿರುವುದೇ ಅವಮಾನ ಎಂದು ದಿನಾ ಬೆಳಿಗ್ಗೆ ಕಲಿಸಿ, ಸಂಜೆ ಹೆಣ್ಣುಮಕ್ಕಳನ್ನು ಗೌರವಿಸಿ ಎಂದು ಭಾಷಣ ಮಾಡುತ್ತಿದ್ದೆ. ಬೈಗುಳ ಬಿಡಲು ಒಂದು ವರ್ಷ ಹಿಡಿಯಿತು. ಬಾಯ್ತಪ್ಪಿದಾಗ ಮೈದಾನಕ್ಕೆ ಎರಡು ಸುತ್ತು ಓಡುವ ಶಿಕ್ಷೆಯನ್ನು ನನಗೆ ನಾನೇ ವಿಧಿಸಿಕೊಂಡಿದ್ದರಿಂದ ಹುಡುಗರು ಅದಕ್ಕೆಂದೇ ಕಿವಿ ನೆಟ್ಟು ಕಾಯುತ್ತಿದ್ದರು.

ಅವರೊಡನೆ ಹೆಚ್ಚು ಮಾತಾಡಿದ್ದು ಬಸ್ಸಿನ ಬಗ್ಗೆ. ನಮ್ಮ ಮಕ್ಕಳಲ್ಲಿ ಅರ್ಧದಷ್ಟು ಜನ ಸುತ್ತಲಿನ ಹಳ್ಳಿಗಳಿಂದ ಒಂದೇ ಬಸ್ಸಿನಲ್ಲಿ ಬರುತ್ತಾರೆ. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳ ಓಡಾಟ ಹೆಚ್ಚಿ, ಬಸ್ಸು ಇನ್ನಷ್ಟು ತುಂಬುತ್ತದೆ. ನೂಕುನುಗ್ಗಲನ್ನೇ ನೆಪ ಮಾಡಿಕೊಳ್ಳುವವರಿದ್ದಾರೆ ಎಂಬುದು ಹುಡುಗಿಯರಿಗೆಲ್ಲ ಗೊತ್ತು, ಹುಡುಗರಿಗೂ ಗೊತ್ತು. ಏನು ಮಾಡುತ್ತೀರಿ ಎಂದರೆ ಕಬಡ್ಡಿ ಹುಡುಗರದು ಒಂದೇ ಉತ್ತರ: ‘ಹಿಡಿದು ಬಡೀತೀವಿ ಸಾರ್.’ ಹಾಗೆ ಬಡಿದದ್ದು ಮಾತ್ರ ಯಾರಿಗೂ ನೆನಪಿಲ್ಲ. ಹೊಡೆದಾಟವೊಂದೇ ದಾರಿ ಎಂದುಕೊಂಡವನು ಕಡೆಗೆ ಏನೂ ಮಾಡದೆ ಕಿಟಕಿಯಾಚೆ ನೋಡುತ್ತಾನೆ. ಆದ್ದರಿಂದ ಸಣ್ಣ ಕೆಲಸಗಳನ್ನು ಅಭ್ಯಾಸ ಮಾಡಿಸಿದೆ: ಇಬ್ಬರು ಹೋಗಿ ನಡುವೆ ನಿಲ್ಲುವುದು, ‘ಅಣ್ಣಾ, ಸ್ವಲ್ಪ ಜರುಗಿ’ ಎಂದು ಜೋರಾಗಿ ಹೇಳುವುದು, ಆ ಹುಡುಗಿಯನ್ನು ಪಾಠದ ಬಗ್ಗೆ ಏನಾದರೂ ಕೇಳುವುದು, ಕಂಡಕ್ಟರನ್ನು ಕರೆಯುವುದು, ಇಳಿದ ಮೇಲೆ ಅವಳಿಗೇನು ಬೇಕೆಂದು ಅವಳನ್ನೇ ಕೇಳುವುದು. ಬೆಂಚುಗಳನ್ನು ಸಾಲಾಗಿಟ್ಟು ಬಸ್ಸು ಮಾಡಿ ಆಟವಾಡಿಸಿದೆವು. ಎಲ್ಲಕ್ಕಿಂತ ಕಷ್ಟವಾದದ್ದು, ತಪ್ಪು ಮಾಡುತ್ತಿರುವವನು ತಮ್ಮ ಗೆಳೆಯನೇ ಆಗಿದ್ದರೆ ಎಂಬ ಪ್ರಶ್ನೆ. ಅಲ್ಲಿ ಹುಡುಗರು ಸುಮ್ಮನಾದರು, ಈಗಲೂ ಸುಮ್ಮನಾಗುತ್ತಾರೆ. ಮಕ್ಕಳ ಗ್ರಾಮಸಭೆಯಲ್ಲಿ ಹುಡುಗಿಯರೇ ಎದ್ದು ಸಂಜೆಗೆ ಇನ್ನೊಂದು ಬಸ್ಸು, ನಿಲ್ದಾಣಕ್ಕೊಂದು ದೀಪ ಕೇಳಿದರು. ದೀಪ ಬಂತು.

ಹುಡುಗರನ್ನು ಬರೀ ತಪ್ಪು ಮಾಡಬಹುದಾದವರಂತೆ ನೋಡುವುದೂ ಸರಿಯಲ್ಲವೆಂದು ತಡವಾಗಿ ಕಲಿತೆ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾತಾಡಿಸಿದ ಮಕ್ಕಳಲ್ಲಿ ನೂರಕ್ಕೆ 53 ಮಂದಿ ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದ್ದರು. ಹಾಗೆ ಹೇಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಹುಡುಗರು. ಈ ಅಂಕಿಯನ್ನು ತರಬೇತಿಯೊಂದರಲ್ಲಿ ಕೇಳಿದ್ದೆ, ನಂಬಿರಲಿಲ್ಲ. ನನ್ನ ತಂಡದ ಹುಡುಗನೊಬ್ಬ ಒಂದು ಸಂಜೆ ಮನೆಗೆ ಹೋಗಲು ಒಲ್ಲದೆ ಮೈದಾನದಲ್ಲೇ ಕೂತು, ನಾನು ಬಲೆ ಮಡಚುತ್ತಿದ್ದಾಗ ಬಾಯಿಬಿಟ್ಟ. ಅವನ ಗುರುತು ಸಿಗಬಹುದಾದ ಯಾವ ವಿವರವನ್ನೂ ಇಲ್ಲಿ ಬರೆಯುವುದಿಲ್ಲ. ನಾನು ಮಾಡಿದ ತಪ್ಪನ್ನು ಮಾತ್ರ ಬರೆಯುತ್ತೇನೆ: ಖಚಿತಪಡಿಸಿಕೊಳ್ಳುವ ಹಟದಲ್ಲಿ, ಆದದ್ದನ್ನು ಅವನ ಬಾಯಿಂದ ಮೂರು ಬಾರಿ ಹೇಳಿಸಿದೆ. ಶಿಕ್ಷಕನ ಕೆಲಸ ತನಿಖೆಯಲ್ಲ. ‘ನಿನ್ನ ಮಾತನ್ನು ನಂಬುತ್ತೇನೆ, ತಪ್ಪು ನಿನ್ನದಲ್ಲ’ ಎಂದು ಹೇಳಿ, ಅವನು ಹೇಳಿದಷ್ಟನ್ನು ಅವನದೇ ಮಾತಿನಲ್ಲಿ ಬರೆದಿಟ್ಟುಕೊಂಡು, ತಿಳಿಸಬೇಕಾದವರಿಗೆ ತಿಳಿಸುವುದಷ್ಟೇ ನನ್ನ ಪಾಲಿನದು.

ತಿಳಿಸುವುದು ನನ್ನ ಇಷ್ಟಕ್ಕೆ ಬಿಟ್ಟದ್ದೂ ಅಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ, ಹದಿನೆಂಟರೊಳಗಿನ ಮಗುವಿನ ಮೇಲೆ ಇಂಥ ಅಪರಾಧ ನಡೆದಿದೆ ಎಂದು ತಿಳಿದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲಾಗಬಹುದು. ನಾನು ಮುಖ್ಯ ಶಿಕ್ಷಕರಿಗೆ ಹೇಳಿ, ಅವರ ಎದುರೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದೆ, ಠಾಣೆಗೂ ಲಿಖಿತವಾಗಿ ಕೊಟ್ಟೆ. ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಅದು ಬಯಸಿದ ಕಡೆ, ಸಮವಸ್ತ್ರ ಧರಿಸದ ಅಧಿಕಾರಿ ಪಡೆಯಬೇಕೆಂಬ ನಿಯಮವನ್ನು ಓದಿಟ್ಟುಕೊಂಡಿದ್ದು ಆ ದಿನ ಉಪಯೋಗಕ್ಕೆ ಬಂತು. ಹುಡುಗ ಶಾಲೆಯ ಗ್ರಂಥಾಲಯವನ್ನು ಆರಿಸಿಕೊಂಡ. ಊರಿನ ಕೆಲವು ಹಿರಿಯರು ಸಂಜೆ ನನ್ನ ಮನೆಗೆ ಬಂದು, ಮನೆತನದ ಮರ್ಯಾದೆ, ಅರಳಿಕಟ್ಟೆಯಲ್ಲೇ ಮುಗಿಸೋಣ ಎಂದರು. ನಾನು ಧೈರ್ಯವಂತನೇನಲ್ಲ. ತಿಳಿಸದಿದ್ದರೆ ನನ್ನ ನೌಕರಿ ಹೋಗುತ್ತದೆ, ಜೈಲಿಗೂ ಹೋಗಬೇಕಾಗುತ್ತದೆ ಎಂದು ಕಾಯ್ದೆಯ ಹಿಂದೆ ಅಡಗಿಕೊಂಡೆ. ಆ ಅಡಗುದಾಣ ಕೊಟ್ಟದ್ದಕ್ಕೆ ಕಾಯ್ದೆಗೆ ಋಣಿ. ಕೆಲವು ಮನೆಗಳವರು ನನ್ನೊಡನೆ ಮಾತು ಬಿಟ್ಟರು, ಎರಡು ಮನೆಯವರು ಇನ್ನೂ ಮಾತಾಡಿಸಿಲ್ಲ. ಹುಡುಗ ಆ ಸಾಲಿನಲ್ಲಿ ಆಟ ಬಿಟ್ಟವನು ಮುಂದಿನ ಸಾಲಿಗೆ ಮರಳಿ ಬಂದ.

ಕಳೆದ ಬೇಸಿಗೆ ರಜೆ ಮುಗಿಸಿ ಬಂದಾಗ, ಸಾಮಾನು ಕೊಠಡಿಯ ಬಾಗಿಲಿನ ಬಲೆಯ ಮೇಲೆ ಯಾರೋ ತಗಡು ಹೊಡೆದಿದ್ದರು. ಇಲಿ ನುಗ್ಗಿ ವಾಲಿಬಾಲ್ ಬಲೆ ಕಡಿಯುತ್ತಿತ್ತು, ಅದಕ್ಕೇ ಎಂದು ಜವಾನ ಹೇಳಿದ. ಅವನು ಹೇಳಿದ್ದು ಸುಳ್ಳಲ್ಲ, ಬಲೆ ನಿಜಕ್ಕೂ ಹರಿದಿತ್ತು. ವಾಲಿಬಾಲ್ ಬಲೆಯನ್ನು ಸ್ಟಾಫ್ ರೂಮಿನ ಬೀರುವಿಗೆ ಸಾಗಿಸಿ, ಮೊಳೆ ಕೀಳುವ ಸುತ್ತಿಗೆ ತರಲು ಹುಡುಗರನ್ನು ಕಳಿಸಿದೆ.