ಆಯ್ಕೆಪತ್ರದಲ್ಲಿ ಗ್ರೀಕರು, ರೋಮನ್ನರು: ಇಂಗ್ಲೆಂಡಿಗೆ ಹೊಸದಾಗಿ ಬಂದ ಪೋಷಕರಿಗೆ

ಇಯರ್ ನೈನ್ (13-14 ವಯಸ್ಸು) ಓದುವ ಮಗು ಒಂದು ದಿನ ಆಯ್ಕೆಪತ್ರ ತರುತ್ತದೆ. ಜಿಸಿಎಸ್‌ಇಗೆ (ಹದಿನಾರರ ವಯಸ್ಸಿನಲ್ಲಿ ಬರೆಯುವ ಪರೀಕ್ಷೆ) ಯಾವ ವಿಷಯಗಳೆಂದು ಗುರುತು ಹಾಕಿ, ನಾವು ಸಹಿ ಮಾಡಿ ಕಳಿಸಬೇಕು. ನಮ್ಮ ಮಗಳು ‘ಕ್ಲಾಸಿಕಲ್ ಸಿವಿಲೈಸೇಷನ್’ಗೆ (ಪ್ರಾಚೀನ ಗ್ರೀಕ್, ರೋಮನ್ ನಾಗರಿಕತೆ) ಗುರುತು ಹಾಕಿಕೊಂಡು ಬಂದಿದ್ದಳು. ‘ಸತ್ತ ಭಾಷೆ ಕಲಿತು ಯಾವ ಕೆಲಸ ಸಿಗುತ್ತದೆ?’ ಎಂದು ಗದರಿ ಅದನ್ನು ಹೊಡೆದುಹಾಕಿ, ಬಿಸಿನೆಸ್ ಬರೆಸಿದೆ. ಆ ವಿಷಯದಲ್ಲಿ ಭಾಷೆಯ ಪಾಠವೇ ಇಲ್ಲವೆಂದು ನನಗೆ ತಿಳಿದದ್ದು ಎರಡು ವರ್ಷದ ಮೇಲೆ, ಅವಳು ಹಟ ಹಿಡಿದು, ಜಿಸಿಎಸ್‌ಇ ನಂತರದ ಎರಡು ವರ್ಷದ ಎ ಲೆವೆಲ್‌ನಲ್ಲಿ ಅದನ್ನೇ ತೆಗೆದುಕೊಂಡಾಗ. ಆದ್ದರಿಂದ ಈ ಭಾಗ ಸ್ವಲ್ಪ ಉದ್ದವಾಗಿದೆ, ಸಹಿಸಿಕೊಳ್ಳಿ.

ನಾಲ್ಕು ಹೆಸರು, ನಾಲ್ಕು ವಿಷಯ

ಲ್ಯಾಟಿನ್ ಮತ್ತು ಕ್ಲಾಸಿಕಲ್ ಗ್ರೀಕ್ ಭಾಷಾ ವಿಷಯಗಳು; ವಿಭಕ್ತಿ, ಕ್ರಿಯಾರೂಪ ಎಲ್ಲ ಉಂಟು. ಏನ್ಷಿಯಂಟ್ ಹಿಸ್ಟರಿ ಎಂದರೆ ಇತಿಹಾಸ. ಕ್ಲಾಸಿಕಲ್ ಸಿವಿಲೈಸೇಷನ್‌ನಲ್ಲಿ ಸಾಹಿತ್ಯ, ಕಲೆ, ಧರ್ಮ, ದಿನನಿತ್ಯದ ಬದುಕು, ಎಲ್ಲವೂ ಇಂಗ್ಲಿಷ್ ಅನುವಾದದಲ್ಲಿ. ಎಲ್ಲ ಶಾಲೆಗಳಲ್ಲೂ ಇದು ಇರುವುದಿಲ್ಲ.

ಜಿಸಿಎಸ್‌ಇಯಲ್ಲಿ ಒಂದೂವರೆ ಗಂಟೆಯ ಎರಡು ಪರೀಕ್ಷೆ. ಒಂದರಲ್ಲಿ ಪುರಾಣ ಮತ್ತು ಧರ್ಮ, ಇಲ್ಲವೇ ಪ್ರಾಚೀನ ಲೋಕದ ಮಹಿಳೆಯರು. ಇನ್ನೊಂದರಲ್ಲಿ ಗ್ರೀಕ್ ಕವಿ ಹೋಮರನ ಜಗತ್ತು, ರೋಮನ್ ನಗರಜೀವನ, ಯುದ್ಧ, ಈ ಮೂರರಲ್ಲಿ ಒಂದು. ಆರಿಸುವುದು ಶಾಲೆ, ಮಗುವಲ್ಲ. ಎ ಲೆವೆಲ್‌ನಲ್ಲಿ ಮೂರು ಪರೀಕ್ಷೆ. ಹೋಮರ್ ಮತ್ತು ರೋಮನ್ ಕವಿ ವರ್ಜಿಲ್‌ನ ಮಹಾಕಾವ್ಯಗಳಿರುವ ಪತ್ರಿಕೆ ಕಡ್ಡಾಯ, ಅದೊಂದಕ್ಕೇ ನೂರಕ್ಕೆ 40 ಅಂಕ.

ಬಾಯಿಪಾಠ ಸಾಲದು

ನಮ್ಮ ಮಕ್ಕಳು ಕಥೆಯನ್ನು ಚೆನ್ನಾಗಿ ಒಪ್ಪಿಸುತ್ತಾರೆ. ಅಜ್ಜಿಯಿಂದ ಮಹಾಭಾರತ ಕೇಳಿ ಬೆಳೆದವರಿಗೆ ಹೋಮರನ ವೀರ ಅಕಿಲೀಸನ ಕೋಪ ಅರ್ಥವಾಗುವುದು ಕಷ್ಟವೇನಲ್ಲ. ಆದರೆ ಮಗಳ ಮೊದಲ ಪ್ರಬಂಧ ಹಿಂದಿರುಗಿದಾಗ ಅಂಚಿನಲ್ಲಿ ಇದ್ದದ್ದು ಇಷ್ಟು: ಕಥೆ ಬಂದಿದೆ, ವಾದ ಎಲ್ಲಿ? ಇಲ್ಲಿ ಕೇಳುವುದು ‘ಈ ಮಾತನ್ನು ಎಷ್ಟರ ಮಟ್ಟಿಗೆ ಒಪ್ಪುತ್ತೀರಿ?’ ಎಂದು. ಒಪ್ಪದಿದ್ದರೂ ಅಂಕ ಉಂಟು, ಪಠ್ಯದಿಂದ ಆಧಾರ ಕೊಟ್ಟರೆ. ಗೈಡು ತರಿಸಿ ಉತ್ತರ ಉರು ಹೊಡೆಸುವುದನ್ನು ದಯವಿಟ್ಟು ಬಿಡಿ. ನಾನು ಮಾಡಿಸಿದ್ದೆ.

ಡಾಕ್ಟರ್ ಆಗುವುದು ತಪ್ಪುತ್ತದೆ ಎಂಬ ಹೆದರಿಕೆ ಬೇಡ. ಹಲವು ವೈದ್ಯಕೀಯ ಕಾಲೇಜುಗಳು ಎ ಲೆವೆಲ್‌ನಲ್ಲಿ ರಸಾಯನ, ಜೀವಶಾಸ್ತ್ರ ಕೇಳುತ್ತವೆ. ಮೂರನೆಯ ವಿಷಯ ಬಹುಮಟ್ಟಿಗೆ ಮಗುವಿನ ಇಷ್ಟ. ಬೆತ್ತಲೆ ಶಿಲ್ಪಗಳ ಚಿತ್ರ ಕಂಡು ಶಾಲೆಗೆ ದೂರು ಬರೆಯಲು ಹೊರಟವರೂ ನಮ್ಮಲ್ಲಿದ್ದಾರೆ. ಬೇಲೂರು, ಹಳೇಬೀಡಿಗೆ ಶಾಲಾ ಪ್ರವಾಸ ಹೋಗಿ ಬಂದವರು ಹೀಗೆ ಬೆಚ್ಚಿಬೀಳಬೇಕೇ?

ನಮ್ಮದೂ ಒಂದು ಎಳೆ

ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ 413ನೇ ಪಪೈರಸ್‌ನಲ್ಲಿ (ಜೊಂಡಿನ ಹಾಳೆಯ ಬರಹ) ಒಂದು ಗ್ರೀಕ್ ಪ್ರಹಸನವಿದೆ. ಭಾರತದ ತೀರದಲ್ಲಿ ಸೆರೆಯಾದ ಚಾರಿಷನ್ ಎಂಬವಳನ್ನು, ಗ್ರೀಕರು ಅಲ್ಲಿನ ರಾಜನಿಗೆ ಮದ್ಯ ಕುಡಿಸಿ ಬಿಡಿಸಿಕೊಂಡು ಹೋಗುತ್ತಾರೆ. ಆ ರಾಜನ ಕಡೆಯವರ ಮಾತು ಕನ್ನಡವೆಂದು 1904ರಲ್ಲಿ ಜರ್ಮನ್ ಶಾಸನತಜ್ಞ ಹುಲ್ಟ್ಸ್ ಸೂಚಿಸಿದರು. ತುಳು ಎಂದವರಿದ್ದಾರೆ, ಬರೀ ಅರ್ಥವಿಲ್ಲದ ಸದ್ದು ಎಂದವರೂ ಇದ್ದಾರೆ. ಯುಗಾದಿ ವೇದಿಕೆಯಲ್ಲಿ ಧಾರಾಳವಾಗಿ ಹೆಮ್ಮೆಪಡಿ. ಮಗುವಿನ ಉತ್ತರಪತ್ರಿಕೆಯಲ್ಲಿ ಬರೆಸಬೇಡಿ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ನಾಣ್ಯ ಸಿಕ್ಕಿದೆ, ಅದಕ್ಕೆ ತಕರಾರಿಲ್ಲ.

ನೋಡಬಹುದಾದ್ದು

- ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ: ಅಥೆನ್ಸಿನ ಪಾರ್ಥೆನಾನ್ ದೇಗುಲದ ಶಿಲ್ಪಗಳು, ಪ್ರವೇಶ ಉಚಿತ
- ಬಾತ್: ರೋಮನ್ ಸ್ನಾನಗೃಹ, ಟಿಕೆಟ್ ಇದೆ
- ಉತ್ತರ ಇಂಗ್ಲೆಂಡಿನ ಹೇಡ್ರಿಯನ್ ಗೋಡೆ (ರೋಮನ್ನರು ಕಟ್ಟಿದ್ದು): ಕ್ರಿ.ಶ. 122ರಲ್ಲಿ ಆರಂಭ, ಬೇಸಿಗೆಯಲ್ಲೂ ಸ್ವೆಟರ್ ಬೇಕು

ಶಾಲೆಯಲ್ಲಿ ಕೇಳಬೇಕಾದ್ದು

- ಕಡಿಮೆ ಮಕ್ಕಳು ಸೇರಿದರೆ ತರಗತಿ ನಡೆಯುತ್ತದೆಯೇ?
- ವೇಳಾಪಟ್ಟಿಯಲ್ಲಿ ಯಾವ ವಿಷಯದೊಂದಿಗೆ ಡಿಕ್ಕಿ?
- ಜಿಸಿಎಸ್‌ಇಯಲ್ಲಿ ಓದದವರನ್ನು ಎ ಲೆವೆಲ್‌ಗೆ ಸೇರಿಸುತ್ತೀರಾ?

ಎ ಲೆವೆಲ್‌ನಲ್ಲಿ ಗ್ರೀಕ್ ನಾಟಕಕಾರ ಈಸ್ಕಿಲಸ್‌ನ ‘ಪರ್ಷಿಯನ್ಸ್’ ಓದುವ ಮಕ್ಕಳಿದ್ದರೆ, ಅದನ್ನು ಬಿ.ಎಂ.ಶ್ರೀ. ಅವರು ‘ಪಾರಸಿಕರು’ ಎಂದು ಕನ್ನಡಕ್ಕೆ ತಂದಿದ್ದಾರೆ. ನಮ್ಮ ಕನ್ನಡ ಸಂಘದ ಕಪಾಟಿನಲ್ಲಿ ಒಂದು ಪ್ರತಿ ಇತ್ತು. ದೀಪಾವಳಿಯಂದು ಒಯ್ದವರು ತಂದುಕೊಡಬೇಕು.