ಮೂರು ಕಾರ್ಬ್ಯುರೇಟರ್, ಎರಡಕ್ಕೆ ಕೆಲಸವಿಲ್ಲ

ಎಕ್ಸಲರೇಟರ್ ಒತ್ತದಿರುವಾಗ ಎಂಜಿನ್ ಓಡುವ ವೇಗವನ್ನು, ಅಂದರೆ ಐಡ್ಲಿಂಗನ್ನು, ಹೊಂದಿಸುವ ಸ್ಕ್ರೂ ಪೂರ್ತಿ ಹಿಂದಕ್ಕೆ ತಿರುಗಿಸಿದ್ದೆ. ಅದರ ತುದಿ ಲಿವರ್‌ಗೆ ತಾಗುತ್ತಲೂ ಇರಲಿಲ್ಲ. ಆದರೂ ಎಂಜಿನ್ 950 ಆರ್‌ಪಿಎಂಗಿಂತ ಕೆಳಗೆ ಇಳಿಯಲು ಒಪ್ಪಲಿಲ್ಲ. ಯಾರೋ ಎಕ್ಸಲರೇಟರ್ ಮೇಲೆ ಕಾಲಿಟ್ಟುಕೊಂಡು ಮರೆತಿದ್ದಾರೇನೋ ಅನ್ನುವ ಹಾಗೆ ಗುರ್ರೆನ್ನುತ್ತಿತ್ತು. ಜೊತೆಗೆ ಗ್ಯಾರೇಜ್ ತುಂಬಾ ಹಸಿ ಪೆಟ್ರೋಲ್ ವಾಸನೆ.

ಕಾರು 1966ರ ಪಾಂಟಿಯಾಕ್ ಜಿಟಿಒ. ನಾನಿರುವುದು ಮಿಷಿಗನ್‌ನಲ್ಲಿ, ಈ ಕಾರಿಗೆ ಹೆಸರು ಕೊಟ್ಟ ಪಾಂಟಿಯಾಕ್ ಊರಿಗೆ ಅರ್ಧ ಗಂಟೆಯ ದಾರಿ. 389 ಕ್ಯೂಬಿಕ್ ಇಂಚಿನ ವಿ8, ನಮ್ಮ ಲೆಕ್ಕದಲ್ಲಿ ಸುಮಾರು 6.4 ಲೀಟರ್. ಅದರ ನೆತ್ತಿಯ ಮೇಲೆ ಪೆಟ್ರೋಲ್ ಮತ್ತು ಗಾಳಿ ಬೆರೆಸಿ ಕೊಡುವ ರೋಚೆಸ್ಟರ್ ಕಾರ್ಬ್ಯುರೇಟರ್ ಮೂರು, ಸಾಲಾಗಿ. ಒಂದೊಂದಕ್ಕೂ ಗಾಳಿ ಎಳೆಯುವ ಎರಡೆರಡು ಬಾಯಿ. ಇದಕ್ಕೆ ಟ್ರೈ-ಪವರ್ ಅಂತ ಹೆಸರು. ಒಂದೇ ನಾಲ್ಕು ಬಾಯಿಯ ಕಾರ್ಬ್ ಇದ್ದ ಜಿಟಿಒಗೆ 335 ಎಚ್‌ಪಿ, ಈ ಮೂರಿದ್ದದ್ದಕ್ಕೆ 360. 1967ರ ಮಾಡೆಲ್‌ಗೆ ಜನರಲ್ ಮೋಟಾರ್ಸ್ ಪಾಂಟಿಯಾಕ್‌ನಲ್ಲಿ ಇದನ್ನು ನಿಲ್ಲಿಸಿತು. ಹಾಗಾಗಿ ನನ್ನದು ಕೊನೆಯ ವರ್ಷದ ಗಾಡಿ.

ನಾನು ಕಾರ್ಬ್ ಕೆಲಸ ಕಲಿತದ್ದು ಮೈಸೂರಿನಲ್ಲಿ, ಕಾಲೇಜು ದಿನಗಳಲ್ಲಿ, ರಾಜ್‌ದೂತ್ 350 ಮೇಲೆ. ಅದರಲ್ಲಿ ಎರಡು ಸಿಲಿಂಡರ್, ಎರಡು ಕಾರ್ಬ್. ನಮ್ಮ ಮೇಸ್ತ್ರಿ ಎರಡೂ ಕಾರ್ಬ್ ಬಾಯಿಗೆ ಒಂದೊಂದು ಬೆರಳಿಟ್ಟು, ನನಗೆ ಎಕ್ಸಲರೇಟರ್ ತಿರುಗಿಸು ಅನ್ನುತ್ತಿದ್ದರು. ಒಳಗಿನ ಸ್ಲೈಡ್ ಎರಡೂ ಒಂದೇ ಹೊತ್ತಿಗೆ ಬೆರಳಿನಿಂದ ಮೇಲೆ ಹೋಗಬೇಕು. "ಜೊತೆಗೇ ಏಳ್ಬೇಕು ಕಣೋ, ಒಂದು ಮುಂದೆ ಒಂದು ಹಿಂದೆ ಆಗ್ಬಾರ್ದು." ಆ ಪಾಠ ಎಷ್ಟು ಗಟ್ಟಿಯಾಗಿ ತಲೆಗೆ ಹೋಗಿತ್ತೆಂದರೆ, ಇಲ್ಲಿ ಅದೇ ನನಗೆ ಕೈಕೊಟ್ಟಿತು.

ಗಾಳಿ ಅಳೆಯುವ ಯೂನಿಸಿನ್ ಅನ್ನುವ ಚಿಕ್ಕ ಸಾಧನ ತಂದೆ. ಕಾರ್ಬ್ ಬಾಯಿ ಮೇಲಿಟ್ಟರೆ ಗಾಳಿ ಎಷ್ಟು ಎಳೆಯುತ್ತಿದೆಯೋ ಅಷ್ಟು ಎತ್ತರಕ್ಕೆ ಗಾಜಿನ ನಳಿಕೆಯಲ್ಲಿ ಒಂದು ಪುಟ್ಟ ಗುಂಡು ಏರುತ್ತದೆ. ನಡುವಿನ ಕಾರ್ಬ್ ಮೇಲಿಟ್ಟೆ, ಏರಿತು. ಮುಂದಿನದರ ಮೇಲಿಟ್ಟೆ, ಅಲ್ಲಾಡಲೇ ಇಲ್ಲ. ಹಿಂದಿನದರಲ್ಲಿ ಸ್ವಲ್ಪವೇ ಸ್ವಲ್ಪ ಮಿಸುಕಿತು. ನಾನೋ ಮಹಾ ಬುದ್ಧಿವಂತ, ಮುಂದಿನದು ಕಟ್ಟಿಕೊಂಡಿದೆ ಅಂತ ತೀರ್ಮಾನಿಸಿ ಅದನ್ನು ಬಿಚ್ಚಿ ಒಂದು ಭಾನುವಾರ ಪೂರ್ತಿ ತೊಳೆದೆ. ಅದು ಮೊದಲೇ ಚೊಕ್ಕವಾಗಿತ್ತು.

ಸರ್ವಿಸ್ ಪುಸ್ತಕ ಸರಿಯಾಗಿ ಓದಿದ್ದು ಆಮೇಲೆ. ಇದರಲ್ಲಿ ಮೂರೂ ಒಟ್ಟಿಗೆ ಕೆಲಸ ಮಾಡುವುದಿಲ್ಲ. ಐಡ್ಲಿಂಗ್, ಊರೊಳಗಿನ ಓಡಾಟ, ಎಲ್ಲಾ ನಡುವಿನ ಕಾರ್ಬ್‌ನದೇ. ಎಂಜಿನ್ ತಣ್ಣಗಿರುವಾಗ ಗಾಳಿ ಕಡಿಮೆ ಮಾಡುವ ಚೋಕ್ ಇರುವುದೂ ಅದಕ್ಕೆ ಮಾತ್ರ, ಐಡ್ಲಿಂಗ್‌ನಲ್ಲಿ ಪೆಟ್ರೋಲ್ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ಇರುವುದೂ ಅದಕ್ಕೆ ಮಾತ್ರ. ಎಕ್ಸಲರೇಟರ್ ಅರ್ಧಕ್ಕಿಂತ ಜಾಸ್ತಿ ಒತ್ತಿದ ಮೇಲೆ ಲಿಂಕೇಜ್ ರಾಡ್ ಹಿಂದೆ ಮುಂದೆ ಇರುವ ಎರಡನ್ನು ಎಳೆಯುತ್ತದೆ. ಮನೆಮಂದಿಯ ಅಡುಗೆಗೆ ಒಂದು ಒಲೆ, ಮದುವೆ ಅಡುಗೆಗೆ ಮೂರು, ಅಷ್ಟೇ. ಅಂದರೆ ಐಡ್ಲಿಂಗ್‌ನಲ್ಲಿ ಹಿಂದೆ ಮುಂದಿನ ಎರಡು ಕಾರ್ಬ್ ಗಾಳಿಯನ್ನೇ ಎಳೆಯಬಾರದು. ಗುಂಡು ಅಲ್ಲಾಡದ ಮುಂದಿನದು ಸರಿಯಾಗಿತ್ತು. ಒಂಚೂರು ಮಿಸುಕಿದ ಹಿಂದಿನದೇ ಕಳ್ಳ.

ಆದರೆ ನೇರ ಕಾರ್ಬ್‌ಗೆ ಕೈ ಹಾಕಲಿಲ್ಲ, ಒಂದು ಸಲ ಸುಟ್ಟುಕೊಂಡಿದ್ದೆನಲ್ಲ. ಮೊದಲು ಇಗ್ನಿಷನ್, ಅಂದರೆ ಕಿಡಿ ಕೊಡುವ ಭಾಗ ನೋಡಿದೆ. ಈ ಎಂಜಿನ್‌ನಲ್ಲಿ ಡಿಸ್ಟ್ರಿಬ್ಯೂಟರ್ ಮುಚ್ಚಳದಲ್ಲೇ ಒಂದು ಪುಟ್ಟ ಕಿಟಕಿ ಇದೆ. ಎಂಜಿನ್ ಓಡುತ್ತಿರುವಾಗಲೇ ಅಲೆನ್ ಕೀ ತೂರಿಸಿ ಪಾಯಿಂಟ್ ಸರಿಮಾಡಬಹುದು, ಡ್ವೆಲ್ (ಪಾಯಿಂಟ್ ಮುಚ್ಚಿರುವ ಅವಧಿ) 30 ಡಿಗ್ರಿ. ವ್ಯಾಕ್ಯೂಮ್ ಅಡ್ವಾನ್ಸ್ ಪೈಪ್ ಕಿತ್ತು, ಬಾಯಿ ಮುಚ್ಚಿ, ಕಿಡಿ ಹಾರುವ ಟೈಮಿಂಗ್ 6 ಡಿಗ್ರಿಗೆ ಇಟ್ಟೆ. ಎರಡೂ ಹೆಚ್ಚು ಕಡಿಮೆ ಸರಿಯೇ ಇದ್ದವು. ಆಮೇಲೆ ಎಂಜಿನ್ ಚೆನ್ನಾಗಿ ಬಿಸಿಯಾಗಿ ಚೋಕ್ ಪೂರ್ತಿ ತೆರೆಯುವವರೆಗೆ ಕಾದೆ. ತಣ್ಣಗಿರುವಾಗ ಐಡ್ಲಿಂಗ್ ವೇಗ ಏರಿಸಿಡುವ ಫಾಸ್ಟ್ ಐಡಲ್ ಕ್ಯಾಮ್ ಮೇಲೆ ಲಿವರ್ ಕೂತಿರುತ್ತದೆ, ಆಗ ನೋಡಿದ ಯಾವ ಲೆಕ್ಕವೂ ಲೆಕ್ಕವಲ್ಲ.

ಕಾರ್ಬ್‌ಗಳ ಕೆಳಗಿನ ಮ್ಯಾನಿಫೋಲ್ಡ್‌ಗೆ, ಎಂಜಿನ್ ಎಳೆತ ಅಳೆಯುವ ವ್ಯಾಕ್ಯೂಮ್ ಗೇಜ್ ಹಾಕಿದೆ. ಬರೀ 14 ಇಂಚು, ಅದೂ ಮುಳ್ಳು ನಡುಗುತ್ತಿತ್ತು. ಎಲ್ಲಿಂದಲೋ ಏರ್ ಎಳೆಯುತ್ತಿದೆ. ಕಾರ್ಬ್ ಬುಡದ ಪ್ಯಾಕಿಂಗ್‌ನಿಂದಲೋ, ಕಾರ್ಬ್ ಒಳಗಿನಿಂದಲೋ? ಇಲ್ಲಿ ಕೆಲವರು ಬುಡಕ್ಕೆ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ಎಂಜಿನ್ ಶಬ್ದ ಬದಲಾಗುತ್ತಾ ನೋಡುತ್ತಾರೆ. ಬಿಸಿ ಎಗ್ಸಾಸ್ಟ್ ಪಕ್ಕದಲ್ಲಿ ಅದನ್ನು ಹೊಡೆಯಲು ನನಗೆ ಧೈರ್ಯ ಸಾಲದು. ಇಸ್ತ್ರಿ ಮಾಡುವಾಗ ಬಟ್ಟೆಗೆ ನೀರು ಚಿಮುಕಿಸುವ ಬಾಟಲಿ ತಂದು ಮೂರರ ಬುಡಕ್ಕೂ ಸುತ್ತ ನೀರು ಹೊಡೆದೆ. ಶಬ್ದದಲ್ಲಿ ಏನೂ ವ್ಯತ್ಯಾಸವಿಲ್ಲ. ಬುಡ ಸರಿಯಾಗಿದೆ.

ಆಮೇಲೆ ಕೈ ಪರೀಕ್ಷೆ. ಏರ್ ಕ್ಲೀನರ್ ತೆಗೆದು ಮುಂದಿನ ಕಾರ್ಬ್ ಬಾಯಿ ಮೇಲೆ ಅಂಗೈ ಒತ್ತಿದೆ. ಎಂಜಿನ್‌ಗೆ ಗೊತ್ತೇ ಆಗಲಿಲ್ಲ. ಹಿಂದಿನದರ ಮೇಲೆ ಒತ್ತಿದೆ. ಅಂಗೈಯನ್ನು ಸುಯ್ ಅಂತ ಎಳೆದುಕೊಂಡಿತು, ಎಂಜಿನ್ 150 ಆರ್‌ಪಿಎಂ ಇಳಿಯಿತು! ಇದನ್ನು ಮಾಡುವವರು ಮುಖ ದೂರ ಇಟ್ಟುಕೊಳ್ಳಿ. ಬ್ಯಾಕ್‌ಫೈರ್ ಆದರೆ ಕಾರ್ಬ್ ಬಾಯಿಂದ ಬೆಂಕಿ ಬರುತ್ತದೆ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಲ್ಲಿ ಇರಲೇಬೇಕು.

ಲಿಂಕೇಜ್ ರಾಡ್ ಉದ್ದ ತಪ್ಪಿ ಅದೇ ಹಿಂದಿನದನ್ನು ಎತ್ತಿ ಹಿಡಿದಿರಬಹುದು ಅನ್ನುವ ಅನುಮಾನ ಉಳಿದಿತ್ತು. ರಾಡ್ ಕಳಚಿದೆ. ಆಗಲೂ ಹಾಗೇ. ಕೊನೆಗೆ ಒಂದು ಸೋಡಾ ಕ್ಯಾನ್ ಕತ್ತರಿಸಿ, ತಗಡನ್ನು ಪ್ಯಾಕಿಂಗ್ ಆಕಾರಕ್ಕೆ ಕೊಯ್ದು, ಹಿಂದಿನ ಕಾರ್ಬ್ ಕೆಳಗೆ ಎರಡು ಪ್ಯಾಕಿಂಗ್ ನಡುವೆ ಸೇರಿಸಿ ಆ ದಾರಿಯನ್ನೇ ಮುಚ್ಚಿಬಿಟ್ಟೆ. ಸ್ಟಾರ್ಟ್ ಮಾಡಿದರೆ, ಅಷ್ಟು ದಿನ ಮೊಂಡು ಹಿಡಿದಿದ್ದ ಎಂಜಿನ್ ತೆಪ್ಪಗೆ ಕೆಳಗಿಳಿದು ನಿಂತೇಹೋಯಿತು. ಐಡ್ಲಿಂಗ್ ಸ್ಕ್ರೂ ಒಳಗೆ ತಿರುಗಿಸಿದ ಮೇಲೆಯೇ ಆರದೆ ಓಡಿದ್ದು.

ಹಿಂದಿನ ಕಾರ್ಬ್ ಬಿಚ್ಚಿ ಬೇಸ್‌ಮೆಂಟ್‌ಗೆ ತೆಗೆದುಕೊಂಡು ಹೋದೆ. ದೀಪ ಆರಿಸಿ, ಟಾರ್ಚನ್ನು ಮೇಲಿನ ಬಾಯಿಗೆ ಹಿಡಿದು ಕೆಳಗಿನಿಂದ ನೋಡಿದೆ. ಒಂದು ಬಾಯಿ ಕತ್ತಲು, ಅಂಚಿನಲ್ಲಿ ಕೂದಲೆಳೆಯಷ್ಟು ಬೆಳಕು. ಇನ್ನೊಂದರಲ್ಲಿ ಬಿದಿಗೆ ಚಂದ್ರನ ಹಾಗೆ ಬೆಳಕಿನ ಗೆರೆ. ಮುಚ್ಚಳದಂತಿರುವ ಬಟರ್‌ಫ್ಲೈ ತಗಡಿನ ಅಂಚನ್ನು ಓರೆಯಾಗಿ ಕಡೆದಿರುತ್ತಾರೆ, ಗೋಡೆಗೆ ಸರಿಯಾಗಿ ಕೂರಲಿ ಅಂತ. ಅದನ್ನು ತಿರುಗುಮುರುಗಾಗಿ ಕೂರಿಸಿದ್ದರು. ಹಿಂದಿನ ವರ್ಷ ಮೂರನ್ನೂ ಒಂದು ಅಂಗಡಿಗೆ ರೀಬಿಲ್ಡ್‌ಗೆ ಕೊಟ್ಟಿದ್ದೆ, ಅಲ್ಲೇ ಆಗಿರಬೇಕು. ಬರೀ ಗಾಳಿ ನುಗ್ಗಿ ಮಿಕ್ಸ್ಚರ್ ತೆಳುವಾಗಿ ಎಂಜಿನ್ ಮಿಸ್ ಹೊಡೆದಾಗ, ನಡುವಿನದರ ಮಿಕ್ಸ್ಚರ್ ಸ್ಕ್ರೂಗಳನ್ನು ಮೂರೂವರೆ ಸುತ್ತು ಬಿಚ್ಚಿ ಅದನ್ನು ಮರೆಮಾಚಿದ್ದರು. ಪೆಟ್ರೋಲ್ ವಾಸನೆಯ ಗುಟ್ಟು ಅದು.

ಬಟರ್‌ಫ್ಲೈ ಸ್ಕ್ರೂಗಳ ತುದಿಯನ್ನು ಕಾರ್ಖಾನೆಯಲ್ಲೇ ಚಚ್ಚಿರುತ್ತಾರೆ. ಹಾಗೇ ತಿರುಗಿಸಿದರೆ ಶಾಫ್ಟ್‌ನ ಥ್ರೆಡ್ ಹಾಳು. ಅರದಿಂದ ತುದಿ ಉಜ್ಜಿ ಆಮೇಲೆ ಬಿಚ್ಚಿದೆ. ತಗಡನ್ನು ತಿರುಗಿಸಿ ಹಾಕಿ, ಸ್ಕ್ರೂ ಸಡಿಲ ಇಟ್ಟು, ಲಿವರ್ ಅನ್ನು ನಾಲ್ಕೈದು ಸಲ ಟಪ್ ಅಂತ ಮುಚ್ಚಿದೆ. ತಗಡು ತನ್ನ ಜಾಗ ತಾನೇ ಹುಡುಕಿಕೊಳ್ಳುತ್ತದೆ. ಹಾಗೇ ಒತ್ತಿ ಹಿಡಿದು ಬಿಗಿ ಮಾಡಿ, ಹೊಸ ಸ್ಕ್ರೂ ತುದಿಯನ್ನು ಮತ್ತೆ ಚಚ್ಚಿದೆ. ಇಲ್ಲಿ ಸೋಮಾರಿತನ ಬೇಡ. ಸ್ಕ್ರೂ ಕಳಚಿದರೆ ಅದು ಬೀಳುವುದು ನೇರ ಎಂಜಿನ್ ಹೊಟ್ಟೆಗೆ.

ಜೋಡಿಸಿದ ಮೇಲೆ ಮಿಕ್ಸ್ಚರ್ ಸ್ಕ್ರೂ ಎರಡನ್ನೂ ಮೆಲ್ಲಗೆ ಪೂರ್ತಿ ಒಳಗೆ ತಿರುಗಿಸಿ, ಒಂದೂವರೆ ಸುತ್ತು ಹೊರಗೆ ತಂದು, ಗೇಜ್ ನೋಡುತ್ತಾ ಕಾಲು ಕಾಲು ಸುತ್ತು ಹೊಂದಿಸಿದೆ. 18 ಇಂಚು, ಮುಳ್ಳು ಅಲ್ಲಾಡದೆ ನಿಂತಿತು. ಐಡ್ಲಿಂಗ್ 650.

ಉಳಿದದ್ದು ಲಿಂಕೇಜ್. ಎಂಜಿನ್ ಆಫ್ ಮಾಡಿ ಮಗಳನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಪೂರ್ತಿ ಒತ್ತು ಅಂದೆ. ನಡುವಿನದರ ಬಟರ್‌ಫ್ಲೈ ನೆಟ್ಟಗೆ ನಿಂತಿತು, ಹಿಂದೆ ಮುಂದಿನ ಎರಡು ಓರೆಯಾಗೇ ಉಳಿದವು.

"ಪುಟ್ಟಿ, ಇನ್ನೂ ಒತ್ತು."

"ಇನ್ನು ಹೋಗಲ್ಲ ಅಪ್ಪಾ, ಮ್ಯಾಟ್ ಅಡ್ಡ ಬರ್ತಿದೆ."

ಅಮ್ಮ ಹಾಕಿಸಿದ್ದ ದಪ್ಪ ರಬ್ಬರ್ ಮ್ಯಾಟ್! ಅದನ್ನು ತೆಗೆದ ಮೇಲೆ ಮೂರೂ ನೆಟ್ಟಗಾದವು, ಆರು ಬಾಯಿಯೂ ತೆರೆದವು. ಇಷ್ಟು ದಿನ 360 ಎಚ್‌ಪಿ ಅಂತ ಜಂಬ ಕೊಚ್ಚಿಕೊಂಡು ಓಡಿಸುತ್ತಿದ್ದದ್ದು ಎಷ್ಟರಲ್ಲೋ ದೇವರಿಗೇ ಗೊತ್ತು. ಮೇಸ್ತ್ರಿ ಹೇಳಿದ್ದು ಕೊನೆಗೂ ಇಲ್ಲಿ ಕೆಲಸಕ್ಕೆ ಬಂತು. ಮುಂದಿನದು ಹಿಂದಿನದು ಎರಡೂ ಜೊತೆಗೇ ಏಳಬೇಕಲ್ಲ, ಅದನ್ನು ಬೆರಳಿಟ್ಟೇ ನೋಡಿದೆ. ಮುಂದಿನದು ಚೂರು ತಡ. ರಾಡ್ ಅರ್ಧ ಸುತ್ತು ತಿರುಗಿಸಿದ ಮೇಲೆ ಸರಿಹೋಯಿತು.

ಈಗ ವಾರಕ್ಕೊಮ್ಮೆಯಾದರೂ ಐ-75 ಹೆದ್ದಾರಿ ಹತ್ತುವಾಗ ಒಂದು ಸಲ ನೆಲಕ್ಕೆ ಒತ್ತುತ್ತೇನೆ. ಬಳಸದೇ ಬಿಟ್ಟರೆ ಹಿಂದೆ ಮುಂದಿನ ಎರಡು ಕಾರ್ಬ್‌ಗಳಲ್ಲಿ ಪೆಟ್ರೋಲ್ ನಿಂತಲ್ಲೇ ಆರಿ ಅಂಟಾಗುತ್ತದೆ. ಇಲ್ಲಿಯ ಪೆಟ್ರೋಲ್‌ನಲ್ಲಿ ಎಥನಾಲ್ ಬೇರೆ ಇದೆ. ಇದು ಕಾರ್ಬ್ ಆರೋಗ್ಯಕ್ಕೆ ಅಂತ ಮನೆಯಲ್ಲಿ ಹೇಳಿದ್ದೇನೆ. ಹೆಂಡತಿ ಪೆಟ್ರೋಲ್ ಬಿಲ್ ನೋಡಿ ಸುಮ್ನೆ ನಗುತ್ತಾಳೆ.