ಸನ್ಮಾನಕ್ಕೆ ಕರೆದು ಅಹವಾಲು ಕೇಳಿದ್ದು

ನಮ್ಮೂರು ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನಲ್ಲಿದೆ. ಎರಿ ಹೊಲ, ಕಡಲೆ, ಜೋಳ, ಕುರಿ. ಮಳೆ ಕೈಕೊಟ್ಟ ವರ್ಷ ಅರ್ಧ ಓಣಿಗೆ ಬೀಗ ಬೀಳುತ್ತದೆ, ಜನ ಮಂಗಳೂರು, ಗೋವಾ ಅಂತ ಗುಳೆ ಹೋಗುತ್ತಾರೆ. ಇಂಥ ಊರಿನ ಗ್ರಾಮ ಪಂಚಾಯಿತಿಗೆ 2023ರ ನಡುವೆ ನಾನು ಅಧ್ಯಕ್ಷೆಯಾದೆ. ಮಹಿಳಾ ಮೀಸಲು ಬಂದಿತ್ತು, ಅದಕ್ಕೇ ಆದೆ, ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ. ದೊಡ್ಡ ಊರಿಗೆ ಮೇಯರ್ ಇರುತ್ತಾರೆ, ಅವರಿಗೆ ಗೌನು, ಕಾರು ಎಲ್ಲ ಉಂಟು. ನಮಗೆ ಪ್ಲಾಸ್ಟಿಕ್ ಕುರ್ಚಿಗೆ ಹಾಸಿದ ಬಿಳಿ ಟವೆಲ್ಲೇ ಮರ್ಯಾದೆ. ಕೆಲಸ ಮಾತ್ರ ಹೆಚ್ಚುಕಡಿಮೆ ಒಂದೇ: ನೀರು, ದೀಪ, ಗಟಾರ, ಬೈಗುಳ.

ಮೊದಲ ಗ್ರಾಮಸಭೆ ನೆನೆಸಿಕೊಂಡರೆ ಈಗಲೂ ನಾಚಿಕೆ ಆಗುತ್ತೆ. ಆರು ತಿಂಗಳಿಗೊಮ್ಮೆಯಾದರೂ ಮಾಡಲೇಬೇಕು, ಕಾಯ್ದೆಯಲ್ಲಿದೆ. ಮತದಾರರಲ್ಲಿ ಹತ್ತರಲ್ಲೊಂದು ಪಾಲು ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು ಮಂದಿ ಬಂದರೆ ಕೋರಂ. ನೂರು ಜನ ಏನು ಮಹಾ ಅಂದುಕೊಂಡಿದ್ದೆ. ಹನ್ನೊಂದು ಗಂಟೆಗೆ ಇದ್ದವರು ಹದಿನೆಂಟು. ಕರವಸೂಲಿಗಾರ ಹೋಟೆಲ್‌ಗೆ ಹೋಗಿ ಚಹಾ ಕುಡಿಯುತ್ತಿದ್ದವರ ಸಹಿ ಹಾಕಿಸಿಕೊಂಡು ಬಂದ. ಬಂದ ಹದಿನೆಂಟರಲ್ಲೂ ಹೆಚ್ಚಿನವರಿಗೆ ಬೇಕಿದ್ದದ್ದು ಒಂದೇ ಸುದ್ದಿ: ಸರ್ಕಾರಿ ಮನೆ ಸಿಗೋರ ಪಟ್ಟಿಯಲ್ಲಿ ನಮ್ಮ ಹೆಸರು ಐತೋ ಇಲ್ಲೋ? ಇಲ್ಲ ಅಂದ ಕೂಡಲೇ ಎದ್ದು ಹೋದರು. ಸಭೆ ನೋಡಿಕೊಳ್ಳಲು ಬಂದಿದ್ದ ನೋಡಲ್ ಅಧಿಕಾರಿ ಗಡಿಯಾರ ನೋಡಿದರು, ನಾನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಮುಖ ನೋಡಿದೆ.

ಅದಾಗಿ ಕೆಲವೇ ದಿನಕ್ಕೆ ಶಾಲೆಯಲ್ಲಿ ಮಕ್ಕಳಿಗೊಂದು ಬಹುಮಾನದ ಕಾರ್ಯಕ್ರಮ. ಅಲ್ಲಿ ಕಾಲಿಡಲು ಜಾಗ ಇರಲಿಲ್ಲ! ಮುದುಕಿಯರೂ ಬಂದಿದ್ದರು, ಮೊಮ್ಮಗ ಸರ್ಟಿಫಿಕೇಟ್ ತಗೊಳ್ಳೋದು ನೋಡಲು. ಹಸುಗೂಸು ಎತ್ತಿಕೊಂಡು ಬಾಣಂತಿ ಬಂದಿದ್ದಳು. ಆದರೆ ತಮ್ಮ ಮಗುವಿನ ಹೆಸರು ಮುಗಿದ ಕೂಡಲೇ ಆ ಮನೆಯವರೆಲ್ಲ ಎದ್ದು ಹೊರಟುಬಿಡುತ್ತಿದ್ದರು, ಕೊನೆಗೆ ಭಾಷಣ ಕೇಳಲು ಉಳಿದವರು ಶಾಮಿಯಾನದವರು ಮಾತ್ರ.

ಅವತ್ತು ರಾತ್ರಿ ರೊಟ್ಟಿ ಬಡಿಯುತ್ತಾ ಯೋಚನೆ ಮಾಡಿದೆ. ಮಕ್ಕಳ ಹೆಸರು ಹೇಳಿದರೆ ಊರು ಬರುತ್ತೆ, ಪಂಚಾಯಿತಿ ಹೆಸರು ಹೇಳಿದರೆ ಬರಲ್ಲ. ಹಾಗಾದರೆ ಎರಡನ್ನೂ ಸೇರಿಸಿಬಿಡೋಣ, ಆದರೆ ಒಂದಾದ ಮೇಲೊಂದು ಬೇಡ. ಹೆಣೆಯೋಣ. ಒಂದು ಸನ್ಮಾನ, ಆಮೇಲೆ ಐದು ಅಹವಾಲು. ಮತ್ತೊಂದು ಸನ್ಮಾನ, ಮತ್ತೆ ಐದು ಅಹವಾಲು. ಯಾರ ಹೆಸರು ಯಾವಾಗ ಅಂತ ಮೊದಲೇ ಹೇಳಬಾರದು. ಕೊಕ್ಕೊ ಹುಡುಗಿಯರ ತಂಡ ಕೊಟ್ಟಕೊನೆಗೆ, ಯಾಕಂದರೆ ಒಂಬತ್ತು ಆಟಗಾರ್ತಿಯರ ಜೊತೆ ಬದಲಿ ಆಟಗಾರ್ತಿಯರೂ ಸೇರಿದರೆ ಅಷ್ಟು ಮನೆಗಳ ಜನ ಕೊನೆತನಕ ಅಲ್ಲಾಡಲ್ಲ. ಸ್ವಲ್ಪ ಕಿಲಾಡಿತನವೇ, ಒಪ್ಪಿಕೊಳ್ಳುತ್ತೇನೆ.

ದಿನ ಗೊತ್ತು ಮಾಡಿದ್ದು 2024ರ ಜೂನ್‌ನಲ್ಲಿ, ಗ್ರಾಮಸಭೆಗೆ ಒಂದು ವಾರ ಮೊದಲು. ಆ ವಾರದ ಅಂತರ ಬೇಕೇ ಬೇಕಿತ್ತು. ಬಾಯಿಮಾತಿನ ಅಹವಾಲಿಗೆ ಕಚೇರಿಯಲ್ಲಿ ಬೆಲೆ ಇಲ್ಲ. ಗ್ರಾಮಸಭೆಯಲ್ಲಿ ಓದಿ, ಠರಾವು ಬರೆದು, ಸಹಿ ಬಿದ್ದರೆ ಮಾತ್ರ ಆ ಕಾಗದ ತಾಲ್ಲೂಕು ಪಂಚಾಯಿತಿ ಮೆಟ್ಟಿಲು ಹತ್ತುತ್ತದೆ. ಇದನ್ನು ಕಲಿಯಲು ನನಗೆ ಆರು ತಿಂಗಳು ಹಿಡಿದಿತ್ತು.

ಸನ್ಮಾನದ ಪಟ್ಟಿ ಮಾಡೋದು ಚುನಾವಣೆಗಿಂತ ಕಷ್ಟ. ಒಬ್ಬ ಸದಸ್ಯರು ಅಳಿಯನ ಹೆಸರು ತಂದರು. ಏನು ಸಾಧನೆ ಅಂದರೆ, ಬುಲೆಟ್ ಗಾಡಿ ತಗೊಂಡಿದ್ದಾನೆ! ಇನ್ನೊಬ್ಬರು ನಮ್ಮ ಓಣಿಯಿಂದ ಇಬ್ಬರಾದರೂ ಇರಲೇಬೇಕು ಅಂತ ಕೂತರು. ನಾನು ಸದಸ್ಯರನ್ನು ಕೇಳೋದೇ ಬಿಟ್ಟೆ. ಹೈಸ್ಕೂಲ್ ಹೆಡ್‌ಮಾಸ್ಟರು, ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ಊರಿಗೆ ನೀರು ಬಿಡುವ ನೀರುಗಂಟಿ, ಅರಿವು ಕೇಂದ್ರ ಅಂದರೆ ಪಂಚಾಯಿತಿ ಲೈಬ್ರರಿಯ ಮೇಲ್ವಿಚಾರಕಿ, ಈ ಐದು ಜನಕ್ಕೆ ಒಂದೊಂದು ಚೀಟಿ ಕೊಟ್ಟು ಇಬ್ಬಿಬ್ಬರ ಹೆಸರು ಬರೆಯಿರಿ ಅಂದೆ, ಯಾರೂ ಇನ್ನೊಬ್ಬರ ಚೀಟಿ ನೋಡಬಾರದು. ನೀರುಗಂಟಿ ಕೊಟ್ಟ ಹೆಸರು ನನ್ನನ್ನು ಸುಮ್ಮನಾಗಿಸಿತು. ಬೇಸಿಗೆಯಲ್ಲಿ ಬೋರ್ ಕೆಟ್ಟಾಗ ಹನ್ನೆರಡು ದಿನ ತನ್ನ ಟ್ರ್ಯಾಕ್ಟರ್‌ಗೆ ಟ್ಯಾಂಕರ್ ಕಟ್ಟಿಕೊಂಡು ಓಣಿ ಓಣಿಗೆ ನೀರು ಕೊಟ್ಟ ಹುಡುಗ, ಡೀಸೆಲ್ ದುಡ್ಡನ್ನೂ ಕೇಳಿರಲಿಲ್ಲ. ಹತ್ತನೇ ಕ್ಲಾಸ್ ಫೇಲ್. ಯಾವ ಸನ್ಮಾನದ ಪಟ್ಟಿಗೂ ಅವನ ಹೆಸರು ಬರುತ್ತಿರಲಿಲ್ಲ.

ಹೆಡ್‌ಮಾಸ್ಟರು ಕೊಟ್ಟದ್ದು ಕುರಿ ಕಾಯುವವರ ಮನೆಯ ಹುಡುಗಿ. ಆ ವರ್ಷ ಎಸ್ಸೆಸ್ಸೆಲ್ಸಿಗೆ ಪರೀಕ್ಷಾ ಕೊಠಡಿಯಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದ್ದು ನೆನಪಿದೆಯಲ್ವಾ? ರಾಜ್ಯದ ಫಲಿತಾಂಶ ಹಿಂದಿನ ವರ್ಷದ 83.89ರಿಂದ 73.40ಕ್ಕೆ ಇಳಿಯಿತು, ಅದೂ ಗ್ರೇಸ್ ಅಂಕ ಸುರಿದ ಮೇಲೆ. ಅಂಥ ವರ್ಷದಲ್ಲಿ ಇವಳು ಫಸ್ಟ್ ಕ್ಲಾಸ್. ವಿಜ್ಞಾನ ತಗೋತೀನಿ, ದಿನಾ ಕುಷ್ಟಗಿಗೆ ಬಸ್ಸಿನಲ್ಲಿ ಹೋಗಿಬರ್ತೀನಿ ಅಂತಿದ್ದಳು.

ಶಾಲು, ಹಾರ, ಹಣ್ಣಿನ ಬುಟ್ಟಿಗೆ ಪಂಚಾಯಿತಿ ದುಡ್ಡು ಮುಟ್ಟಬೇಡಿ, ಆಡಿಟ್‌ನಲ್ಲಿ ಆಕ್ಷೇಪ ಬರುತ್ತೆ ಅಂದರು ಪಿಡಿಒ. ಸರಿಯೇ. ಹಿಂದಿನ ವರ್ಷ ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಹಾರ ಶಾಲು ಬೇಡ, ಪುಸ್ತಕ ಕೊಡಿ ಅಂದಿದ್ದರಲ್ಲ, ನಾನು ಅದನ್ನೇ ಹಿಡಿದುಕೊಂಡೆ. ಆದರೆ ಓದುವ ಪುಸ್ತಕ ಅಲ್ಲ, ಖಾಲಿ ಪುಸ್ತಕ. ಇನ್ನೂರು ಪೇಜಿನ ಗಟ್ಟಿ ರಟ್ಟಿನ ನೋಟ್‌ಬುಕ್, ಒಂದು ಪೆನ್ನು. ನನ್ನ ಕೈಯಿಂದಲೇ ತಂದೆ. ಹೆಸರು ಕರೆದಾಗ ಹುಡುಗರು ವೇದಿಕೆಗೆ ಬರಬೇಕು, ಚಪ್ಪಾಳೆ ತಗೋಬೇಕು, ಅಲ್ಲೇ ಕೂತು ಮುಂದಿನ ಐದು ಅಹವಾಲು ಬರೆದುಕೊಳ್ಳಬೇಕು. ಹೆಸರು, ಓಣಿ, ತೊಂದರೆ, ತಾರೀಕು.

ಇನ್ನೊಂದು ಮಾತು. ಅಧ್ಯಕ್ಷೆಯ ಗಂಡನೇ ಅಧ್ಯಕ್ಷ ಅನ್ನೋ ಪದ್ಧತಿ ನಮ್ಮ ಕಡೆ ಗಟ್ಟಿ. ನಮ್ಮನೆಯವರಿಗೆ ಶಾಮಿಯಾನ, ಚಹಾ, ಮೈಕು ವಹಿಸಿದೆ. ವೇದಿಕೆ ಹತ್ತುವ ಹಾಗಿಲ್ಲ. ಎರಡು ದಿನ ಮುಖ ಊದಿಸಿಕೊಂಡಿದ್ದರು, ಆದರೂ ಚಹಾ ಚೆನ್ನಾಗಿಯೇ ಮಾಡಿಸಿದ್ದರು.

ಮೊದಲು ಕರೆದದ್ದು ಟ್ಯಾಂಕರ್ ಹುಡುಗನನ್ನು. ಅವನಿಗೆ ನಂಬಿಕೆಯೇ ಬರಲಿಲ್ಲ, ಹಿಂದೆ ತಿರುಗಿ ನೋಡಿದ, ಅದೇ ಹೆಸರಿನ ಬೇರೆ ಯಾರಾದರೂ ಇದ್ದಾರೇನೋ ಅಂತ. ಬರೆಯಲು ಕೂತಾಗ ಪೆನ್ನು ಹಿಡಿದ ಕೈ ನಡುಗುತ್ತಿತ್ತು. ಮೊದಲ ನಾಲ್ಕು ಅಹವಾಲು ಮಾಮೂಲಿ: ಕಂಬದ ದೀಪ, ಗಟಾರ, ಗಟಾರ, ದೀಪ. ಐದನೆಯದಕ್ಕೆ ಒಬ್ಬ ಅಜ್ಜಿ ಸೀದಾ ವೇದಿಕೆ ಹತ್ತಿ ಬಂದಳು. ಖಾಲಿ ಕ್ಯಾನ್ ತಂದಿದ್ದಳು. ಅದನ್ನು ನನ್ನ ಮುಂದಿನ ಟೇಬಲ್ ಮೇಲೆ ದಪ್ಪಂತ ಇಟ್ಟಳು.

"ನಿನ್ ಮಶೀನ ನನ್ನ ರೊಕ್ಕಾ ನುಂಗೈತಿ ಯವ್ವಾ. ಎಲ್ಡು ಸಲ ಹಾಕೀನಿ. ಒಂದ ಹನಿ ಬಂದಿಲ್ಲ. ಐದೈದು ರೂಪಾಯಿ, ಹತ್ತು. ಕೊಡು."

ಮಶೀನ ಅಂದರೆ ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕ. ಎಲ್ಲರೂ ನಕ್ಕರು. ನಾನೂ ನಕ್ಕೆ, ಅದು ತಪ್ಪಾಯಿತು. ಅಜ್ಜಿ ನಗಲಿಲ್ಲ. "ಬೋರಿನ ನೀರು ಕುಡುದು ಹುಡ್ರ ಹಲ್ಲು ನೋಡು" ಅಂತ ಪಕ್ಕದಲ್ಲಿದ್ದ ಮೊಮ್ಮಗನ ತುಟಿಯನ್ನು ಬೆರಳಲ್ಲಿ ಎತ್ತಿ ತೋರಿಸಿದಳು. ಹಲ್ಲಿನ ಮೇಲೆ ಕಂದು ಪಟ್ಟೆ. ನಮ್ಮ ತಾಲ್ಲೂಕಿನಲ್ಲಿ ಎಷ್ಟೋ ಮಕ್ಕಳ ಹಲ್ಲು ಹಾಗೇ ಇರುತ್ತೆ, ನೋಡಿ ನೋಡಿ ಅದು ನಮಗೆ ಕಾಣುವುದೇ ಇಲ್ಲ. ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಬಾರದು, ಮತ್ತೆ ಅದನ್ನು ಕುದಿಸಿದರೆ ಹೋಗಲ್ಲ. ಕುದಿಸಿದರೆ ನೀರು ಆವಿಯಾಗುತ್ತೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತೆ. ಇದು ನಮ್ಮೂರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ! ನನಗೇ ಗೊತ್ತಿರಲಿಲ್ಲ, ಕಾಯಿಸಿ ಆರಿಸಿ ಕುಡಿಯಿರಿ ಅಂತ ನಾನೇ ಮೈಕಿನಲ್ಲಿ ಹೇಳಿದ್ದೆ.

ಅಷ್ಟರಲ್ಲಿ ಎರಡನೇ ಸನ್ಮಾನ, ಕುರಿಯವರ ಮನೆ ಹುಡುಗಿ. ಅವಳು ನೋಟ್‌ಬುಕ್ ತಗೊಂಡು ಥ್ಯಾಂಕ್ಸ್ ಹೇಳುವ ಬದಲು ಕೇಳಿದಳು: "ಅಕ್ಕಾರ, ನೀರು ಚೆಕ್ ಮಾಡೋ ಕಿಟ್ ಪಂಚಾಯ್ತಿಗೆ ಬಂದಿರ್ತೈತ್ರಿ. ಸರ್ ಹೇಳಿದ್ರು. ಎಲ್ಲೈತ್ರಿ?"

ಇತ್ತು. ಜಲಜೀವನ್ ಮಿಷನ್ನಿನಲ್ಲಿ ಕೊಟ್ಟ ಕಿಟ್, ಊರಿನ ಹೆಣ್ಣುಮಕ್ಕಳೇ ಪರೀಕ್ಷೆ ಮಾಡಲಿ ಅಂತ ಕೊಟ್ಟದ್ದು, ನಮ್ಮ ಕಚೇರಿಯ ಕಬ್ಬಿಣದ ಕಪಾಟಿನಲ್ಲಿ ಸೀಲ್ ಕೂಡ ಒಡೆಯದೆ ಕೂತಿತ್ತು. ತೆಗೆದು ನೋಡಿದರೆ ಕೆಲವು ಬಾಟಲಿಗಳ ದಿನಾಂಕ ಮುಗಿದಿತ್ತು. ಇದಕ್ಕೆ ಯಾರನ್ನೂ ಬೈಯುವಂತಿಲ್ಲ, ಕಪಾಟಿನ ಕೀಲಿ ಒಂದು ವರ್ಷದಿಂದ ನನ್ನ ಬಳಿಯೇ ಇತ್ತು.

ಹೊಸ ಕಿಟ್ ತರಿಸಲು ಮೂರು ವಾರವಾಯಿತು. ಆ ಹುಡುಗಿ, ಆಶಾ ಕಾರ್ಯಕರ್ತೆ, ಇನ್ನಿಬ್ಬರು ಸೇರಿ ಊರಿನ ಒಂದೊಂದೇ ಬೋರಿನ ನೀರು ಹಿಡಿದು ನೋಡಿದರು. ಸಣ್ಣ ಗಾಜಿನ ನಳಿಗೆಯಲ್ಲಿ ನೀರು ಹಾಕಿ, ಹನಿ ಲೆಕ್ಕದಲ್ಲಿ ಔಷಧ ಬಿಟ್ಟು ಅಲುಗಾಡಿಸಬೇಕು. ಗುಲಾಬಿ ಬಣ್ಣ ಉಳಿದರೆ ಪರವಾಗಿಲ್ಲ, ಹಳದಿ ಕಡೆ ತಿರುಗಿದಷ್ಟೂ ಫ್ಲೋರೈಡ್ ಜಾಸ್ತಿ. ಜೊತೆಗಿದ್ದ ಬಣ್ಣದ ಪಟ್ಟಿಗೆ ಹಿಡಿದು ಹೋಲಿಸುವುದು. ಅಜ್ಜಿಯ ಓಣಿಯ ಕೈಪಂಪಿನ ನೀರು ನಮ್ಮ ಕಣ್ಣೆದುರೇ ಅರಿಶಿಣದ ಬಣ್ಣಕ್ಕೆ ಬಂತು. ಹುಡುಗಿ ನಳಿಗೆಯನ್ನು ಬೆಳಕಿಗೆ ಹಿಡಿದು ಎರಡು ಸಲ ನೋಡಿದಳು, ಮತ್ತೆ ಹೊಸ ನೀರು ಹಿಡಿದು ಮೂರನೇ ಸಲ ಮಾಡಿದಳು. ಯಾರೂ ಮಾತಾಡಲಿಲ್ಲ. ನೀರನ್ನು ಕೊಪ್ಪಳದ ಲ್ಯಾಬಿಗೂ ಕಳಿಸಿದೆವು, ಅಲ್ಲಿಂದಲೂ ಅದೇ ಉತ್ತರ. ಆ ಪಂಪಿಗೆ ಕೆಂಪು ಬಣ್ಣ ಬಳಿಸಿದೆ. ಬಟ್ಟೆ ಪಾತ್ರೆಗೆ ಮಾತ್ರ, ಕುಡಿಯಲು ಬೇಡ ಅಂತ ಬರೆಸಿದೆ.

ಶುದ್ಧ ನೀರಿನ ಘಟಕದ ಕಥೆ ಬೇರೆ. ನೋಡಿಕೊಳ್ಳುವ ಏಜೆನ್ಸಿಯವರು ಫಿಲ್ಟರ್ ಬದಲಿಸಿರಲಿಲ್ಲ, ಒಳಗೆ ನೀರೇ ತುಂಬುತ್ತಿರಲಿಲ್ಲ, ಕಾಯಿನ್ ಡಬ್ಬಿ ಮಾತ್ರ ನಿಯತ್ತಾಗಿ ರೊಕ್ಕ ತಗೊಳ್ಳುತ್ತಿತ್ತು. ಗ್ರಾಮಸಭೆಯಲ್ಲಿ ಠರಾವು ಮಾಡಿ, ನೋಟ್‌ಬುಕ್‌ನ ಪೇಜಿನ ಜೆರಾಕ್ಸ್ ಅಂಟಿಸಿ ಕಳಿಸಿದೆವು. ಬಿಲ್ ತಡೆಹಿಡಿದ ಮೇಲೆ ಹತ್ತು ದಿನದಲ್ಲಿ ಬಂದು ಸರಿ ಮಾಡಿದರು. ಅಜ್ಜಿಗೆ ಹತ್ತು ರೂಪಾಯಿ ನಾನೇ ಕೊಡಲು ಹೋದೆ. "ನಿಂದ್ಯಾಕ, ಮಶೀನಂದು ಕೊಡು" ಅಂದಳು. ಡಬ್ಬಿ ಬಿಚ್ಚಿದ ದಿನ ಅವಳನ್ನು ಕರೆಸಿ ಅದರಿಂದಲೇ ಎರಡು ಕಾಯಿನ್ ಎತ್ತಿಕೊಟ್ಟೆವು.

ಅವತ್ತಿನ ಒಟ್ಟು ಅಹವಾಲು 43. ಮರುದಿನ ಹುಡುಗರನ್ನು ಅರಿವು ಕೇಂದ್ರದಲ್ಲಿ ಕೂಡಿಸಿ ಎರಡು ಭಾಗ ಮಾಡಿದೆವು, ಪಂಚಾಯಿತಿ ಕೈಯಲ್ಲಿರೋದು, ಇಲ್ಲದ್ದು. ದೀಪ, ಗಟಾರ, ನೀರು, ಮನೆ-ಜಾಗದ ದಾಖಲೆ ಕೊಡುವ ಇ-ಸ್ವತ್ತು, ಉದ್ಯೋಗ ಖಾತ್ರಿ ನಮ್ಮ ಕೈಯಲ್ಲಿ. ಖಾತ್ರಿಯಲ್ಲೂ ಪೂರ್ತಿ ಅಲ್ಲ. ಆಗ ದಿನಕ್ಕೆ 349 ರೂಪಾಯಿ ಕೂಲಿ, ಆದರೆ ಬೆಳಿಗ್ಗೆ ಒಂದು ಮಧ್ಯಾಹ್ನ ಒಂದು ಫೋಟೊ ಹಾಜರಿ ಆ್ಯಪ್‌ಗೆ ಏರಬೇಕಿತ್ತು, ಕೆರೆ ಅಂಗಳದಲ್ಲಿ ನೆಟ್‌ವರ್ಕ್ ಇಲ್ಲದೆ ಏರದಿದ್ದರೆ ಗುದ್ದಲಿ ಹಿಡಿದದ್ದು ಸುಮ್ನೆ. ಗೃಹಲಕ್ಷ್ಮಿ ದುಡ್ಡು ನಿಂತದ್ದು, ಪಿಂಚಣಿ, ರೇಷನ್ ಕಾರ್ಡು, ಬಸ್ಸು ನಮ್ಮ ಕೈಯಲ್ಲಿಲ್ಲ. ಮೊದಲೆಲ್ಲ ನಾನು ಇವಕ್ಕೂ "ನೋಡೋಣ, ಮಾಡೋಣ" ಅಂತಿದ್ದೆ. ಆ ಮಾತಿನಷ್ಟು ಹಾಳು ಮಾತು ಇನ್ನೊಂದಿಲ್ಲ. ಈ ಸಲ ನೇರ ಹೇಳಿದೆ: ಇದು ನನ್ನಿಂದಾಗಲ್ಲ, ನಾಡಕಚೇರಿಗೆ ಹೋಗಬೇಕು, ಮಂಗಳವಾರ ನಾನೂ ಬರ್ತೀನಿ. ಬೈದರು, ಆದರೆ ಮಂಗಳವಾರ ಹನ್ನೊಂದು ಜನ ಟಂಟಂ ಗಾಡಿ ಹತ್ತಿದರು.

ಎಲ್ಲ ಚೆನ್ನಾಗಿ ನಡೆಯಿತು ಅಂದುಕೊಳ್ಳಬೇಡಿ. ಒಬ್ಬ ಹುಡುಗ ತನ್ನ ದೋಸ್ತಿಗಳ ಅಹವಾಲು ಮಾತ್ರ ದಪ್ಪ ಅಕ್ಷರದಲ್ಲಿ ಬರೆದಿದ್ದ, ಮಿಕ್ಕಿದ್ದು ಓದಲೂ ಬರುತ್ತಿರಲಿಲ್ಲ. ಕಳ್ಳ ದಾರು ಮಾರುವ ಅಂಗಡಿಗಳ ಬಗ್ಗೆ ಹೆಂಗಸರು ಎದ್ದು ಮಾತಾಡಿದಾಗ ಎರಡು ಮನೆಯವರು ಅಲ್ಲೇ ಜಗಳಕ್ಕೆ ನಿಂತರು, ಆ ಅಹವಾಲು ಬರೆದ ಹುಡುಗನ ಮನೆಗೆ ರಾತ್ರಿ ಹೋಗಿ ಹೆದರಿಸಿದ್ದರು. ಅದು ನನ್ನ ತಪ್ಪು. ಅಂಥ ವಿಷಯ ಮಕ್ಕಳ ಕೈಯಲ್ಲಿ ಬರೆಸಬಾರದು. ಮುಂದಿನ ಸಲದಿಂದ ಬೀಗ ಹಾಕಿದ ಒಂದು ಡಬ್ಬಿ ಇಟ್ಟೆ, ಹೆಸರಿಲ್ಲದ ಚೀಟಿ ಹಾಕಲು.

ಎರಡನೇ ವರ್ಷ ಮಾಡಿದಾಗ ಸನ್ಮಾನಕ್ಕಿಂತ ಮುಂಚೆ ಹಳೆಯ 43ನ್ನೂ ಓದಿಸಿದೆ. ಆಯಿತು, ಆಗಿಲ್ಲ, ಆಯಿತು, ಆಗಿಲ್ಲ. "ಆಗಿಲ್ಲ" ಅಂದಾಗಲೆಲ್ಲ ನನ್ನ ಕಡೆ ನೋಡುತ್ತಿದ್ದರು. ಆ ಅರ್ಧ ಗಂಟೆ ಕೂರೋದು ಸುಲಭ ಇರಲಿಲ್ಲ. ಆದರೆ ಜನ ಜಾಸ್ತಿ ಆಗಿದ್ದರು, ಗುಳೆಯಿಂದ ವಾಪಸ್ ಬಂದ ನಾಲ್ಕಾರು ಗಂಡಸರೂ ಹಿಂದೆ ನಿಂತಿದ್ದರು.

ನನ್ನ ಅವಧಿ 30 ತಿಂಗಳು, ಈಗ ಮುಗಿಯಿತು. ನೋಟ್‌ಬುಕ್‌ಗಳನ್ನು ಕಚೇರಿಯ ಕಪಾಟಿಗೆ ಕೊಡಲು ಮನಸ್ಸಾಗಲಿಲ್ಲ, ಆ ಕಪಾಟು ನನಗೆ ಗೊತ್ತಲ್ಲ. ಹುಡುಗಿಯ ಬಳಿಯೇ ಇವೆ. ಮೊನ್ನೆ ಫೋನ್ ಮಾಡಿದ್ದಳು, ಗಾಳಿಯ ಸದ್ದಿನಲ್ಲಿ ಅರ್ಧ ಕೇಳಿಸಲಿಲ್ಲ, ಯಾರದೋ ಗಾಡಿಯ ಹಿಂದೆ ಕೂತು ಕಾಲೇಜಿಗೆ ಹೊರಟಿದ್ದಳಂತೆ.

"ಅಕ್ಕಾರ, 31ನೇದು ಇನ್ನಾ ಆಗಿಲ್ರಿ."

31 ಅಂದರೆ ಬಸ್ಸು.